ಹೊಕ್ಕುಳಬಳ್ಳಿ ರಕ್ತದಲ್ಲಿ ನವಜಾತ ಶಿಶುವಿನ ರೋಗನಿರೋಧಕ ಕೋಶಗಳನ್ನು ಪರೀಕ್ಷಿಸುವ ಕ್ರಮ

ಹೊಕ್ಕುಳಬಳ್ಳಿ ರಕ್ತದ ಮೋನೋಸೈಟ್‌ಗಳಿಗೆ (ಒಂದು ಬಗೆಯ ಬಿಳಿ ಕಣ) ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ಎಂಡೋಟಾಕ್ಸಿನ್) ಹಾಕಿ ಟಿಎನ್‌ಎಫ್ (ಉರಿಯೂತ ಎಬ್ಬಿಸುವ ಸೈಟೋಕೈನ್, ಅಂದರೆ ಕೋಶಗಳು ಸ್ರವಿಸುವ ಸಂದೇಶದ ಪ್ರೋಟೀನ್) ಅಳೆದರೆ ಸಾಮಾನ್ಯವಾಗಿ ವಯಸ್ಕರಿಗಿಂತ ಕಡಿಮೆ ಬರುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ‘ಶಿಶುವಿನ ಕೋಶಗಳು ದುರ್ಬಲ’ ಎಂದು ಬರೆಯಬೇಕಾಗುತ್ತದೆ. ಅದೇ ದ್ರವದಲ್ಲಿ ಐಎಲ್-6, ಐಎಲ್-10, ಐಎಲ್-23 (ಇಂಟರ್‌ಲ್ಯೂಕಿನ್ ಎಂಬ ಸೈಟೋಕೈನ್‌ಗಳು) ಕೂಡ ಅಳೆದರೆ ಚಿತ್ರ ಬದಲಾಗುತ್ತದೆ: ಅವು ವಯಸ್ಕರಷ್ಟೇ, ಕೆಲವೊಮ್ಮೆ ಹೆಚ್ಚೇ ಇರುತ್ತವೆ. ಐಎಲ್-12ಪಿ70 ಮತ್ತು ಇಂಟರ್‌ಫೆರಾನ್ ಗಾಮಾ ಮಾತ್ರ ನಿಜಕ್ಕೂ ಕೆಳಗಿರುತ್ತವೆ. ತಾಯಿಯ ಅಂಗಾಂಶದ ವಿರುದ್ಧ ತಿರುಗಿಬೀಳದೆ ಗರ್ಭದಲ್ಲಿ ಬೆಳೆದು, ಹುಟ್ಟಿದ ಕೂಡಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳನ್ನು ಎದುರಿಸಬೇಕಾದ ದೇಹಕ್ಕೆ ಬೇರೆಯೇ ಹೊಂದಾಣಿಕೆ ಬೇಕು. ಆ ಹೊಂದಾಣಿಕೆಯನ್ನು ನೋಡಲೆಂದೇ ಪ್ರಯೋಗ ಮಾಡುತ್ತೇವೆ. ಪ್ರಯೋಗದ ತಪ್ಪುಗಳಿಂದ ಹುಟ್ಟುವ ‘ದೌರ್ಬಲ್ಯ’ ಅದರೊಳಗೆ ಸೇರದಂತೆ ನೋಡಿಕೊಳ್ಳುವುದು ಅರ್ಧಕ್ಕಿಂತ ಹೆಚ್ಚಿನ ಕೆಲಸ. ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ರಕ್ತ ಸಂಗ್ರಹ

ನೈತಿಕ ಸಮಿತಿಯ ಅನುಮತಿ, ತಾಯಿಯ ಲಿಖಿತ ಒಪ್ಪಿಗೆ ಎರಡೂ ಹೆರಿಗೆಗೆ ಮೊದಲೇ ಕೈಯಲ್ಲಿರಬೇಕು. ಹೆರಿಗೆ ನೋವಿನ ನಡುವೆ ಒಪ್ಪಿಗೆ ಕೇಳುವುದು ಸರಿಯಲ್ಲ. ಬಳ್ಳಿಗೆ ಕ್ಲಾಂಪ್ ಹಾಕುವ ಸಮಯವನ್ನು ವೈದ್ಯರು ಮಗುವಿನ ಹಿತ ನೋಡಿ ನಿರ್ಧರಿಸುತ್ತಾರೆ. ತಡವಾಗಿ ಕ್ಲಾಂಪ್ ಹಾಕಿದರೆ ನಮಗೆ ಸಿಗುವ ರಕ್ತ ಕಡಿಮೆಯಾಗುತ್ತದೆ, ಆದರೆ ಆ ರಕ್ತ ಮಗುವಿಗೆ ಸೇರಬೇಕಾದದ್ದು. ಬೇಗ ಕ್ಲಾಂಪ್ ಹಾಕಿ ಎಂದು ಪ್ರಯೋಗದ ನೆಪದಲ್ಲಿ ಕೇಳಬಾರದು. 20 ಮಿ.ಲೀ. ಸಿಕ್ಕರೂ ಕೆಳಗಿನ ಹೆಚ್ಚಿನ ಪರೀಕ್ಷೆಗಳನ್ನು ಮಾಡಬಹುದು.

ಕ್ಲಾಂಪ್ ಹಾಕಿದ ಬಳ್ಳಿಯ ಹೊರಮೈಯನ್ನು ಮೊದಲು ಒಣ ಗಾಜ್‌ನಿಂದ, ಆಮೇಲೆ ಶೇ 70ರ ಆಲ್ಕೋಹಾಲ್‌ನಿಂದ ಒರೆಸಿ, ಆರಲು ಬಿಡಿ. ಬಳ್ಳಿಯ ರಕ್ತನಾಳಗಳಲ್ಲಿ ದೊಡ್ಡದಾಗಿ, ತೆಳು ಗೋಡೆಯದಾಗಿ ಕಾಣುವುದೇ ಅಭಿಧಮನಿ. ಅದಕ್ಕೆ ಸೂಜಿ ಚುಚ್ಚಿ ನಿಧಾನವಾಗಿ ಎಳೆಯಿರಿ. ಬಳ್ಳಿಯನ್ನು ಕತ್ತರಿಸಿ ಹಿಂಡಿ ರಕ್ತ ಸುರಿಸಿಕೊಳ್ಳುವ ಅಭ್ಯಾಸ ಕೆಲವೆಡೆ ಇದೆ. ಹಾಗೆ ಮಾಡಿದರೆ ಬಳ್ಳಿಯೊಳಗಿನ ವಾರ್ಟನ್ ಜೆಲ್ಲಿ ರಕ್ತಕ್ಕೆ ಬೆರೆತು ಕೋಶಗಳು ಗಂಟುಗಂಟಾಗುತ್ತವೆ, ತಾಯಿಯ ರಕ್ತವೂ ಸೇರಿಕೊಳ್ಳುತ್ತದೆ. ಸಂಶಯ ಬಂದರೆ ಪ್ಲಾಸ್ಮಾದಲ್ಲಿ ಐಜಿಎ ಪ್ರತಿಕಾಯ ಅಳೆಯಿರಿ. ಐಜಿಎ ಮಾಸನ್ನು ದಾಟುವುದಿಲ್ಲವಾದ್ದರಿಂದ ಶಿಶುವಿನ ರಕ್ತದಲ್ಲಿ ಅತ್ಯಲ್ಪವಿರುತ್ತದೆ. ಹೆಚ್ಚು ಕಂಡರೆ ತಾಯಿಯ ರಕ್ತ ಬೆರೆತಿದೆ ಎಂದು ತಿಳಿದು ಆ ಮಾದರಿಯನ್ನು ಬಿಡಿ.

ಹೆಪ್ಪುರೋಧಕವಾಗಿ ಸೋಡಿಯಂ ಹೆಪಾರಿನ್, ಪ್ರತಿ ಮಿ.ಲೀ. ರಕ್ತಕ್ಕೆ 10ರಿಂದ 20 ಯೂನಿಟ್. ಇನ್ನೊಂದು ಹೆಪ್ಪುರೋಧಕವಾದ ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ ನ್ಯೂಟ್ರೋಫಿಲ್ (ಬ್ಯಾಕ್ಟೀರಿಯಾ ನುಂಗುವ ಬಿಳಿ ಕಣ) ಅಂಟಿಕೊಳ್ಳುವುದು, ನುಂಗುವುದು, ಪೂರಕ ವ್ಯವಸ್ಥೆ (ಬ್ಯಾಕ್ಟೀರಿಯಾಕ್ಕೆ ಗುರುತು ಹಚ್ಚುವ ರಕ್ತದ ಪ್ರೋಟೀನ್‌ಗಳು) ಎಲ್ಲವೂ ಏರುಪೇರಾಗುತ್ತವೆ. ಕೋಶಗಳ ಎಣಿಕೆಗಷ್ಟೇ ಅದು ಸರಿ. ಹೆಪಾರಿನ್ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ ಎಂಬುದೂ ನೆನಪಿರಲಿ. ಆರ್‌ಎನ್‌ಎ ಬೇಕಿದ್ದರೆ ತೊಳೆದ ಕೋಶಗಳಿಂದ ತೆಗೆಯಿರಿ.

ಟ್ಯೂಬನ್ನು ಮಂಜುಗಡ್ಡೆಯ ಮೇಲೆ ಇಡಬೇಡಿ. 20–22 ಡಿಗ್ರಿ ಸೆಲ್ಸಿಯಸ್ ಸಾಕು. ತಣ್ಣಗಾಗಿ ಮತ್ತೆ ಬೆಚ್ಚಗಾದ ನ್ಯೂಟ್ರೋಫಿಲ್‌ಗಳು ತಾವಾಗಿಯೇ ಪ್ರಚೋದನೆಗೊಳ್ಳುತ್ತವೆ. ನ್ಯೂಟ್ರೋಫಿಲ್ ಕೆಲಸ 2 ಗಂಟೆಯೊಳಗೆ, ಮೋನೋಸೈಟ್ ಕೆಲಸ 4 ಗಂಟೆಯೊಳಗೆ ಶುರುವಾಗಬೇಕು. ರಾತ್ರಿಯ ಹೆರಿಗೆಯ ರಕ್ತವನ್ನು ಬೆಳಿಗ್ಗೆ ತೆಗೆದುಕೊಂಡು, ಅದನ್ನು ಆಗತಾನೇ ತೆಗೆದ ವಯಸ್ಕರ ರಕ್ತಕ್ಕೆ ಹೋಲಿಸಿದ ಅಂಕಿಗಳಿಗೆ ಬೆಲೆಯಿಲ್ಲ.

ಪ್ರತಿ ಮಾದರಿಯ ಜೊತೆ ಇಷ್ಟು ಬರೆದಿಡಿ: ಗರ್ಭದ ವಾರ ಮತ್ತು ದಿನ, ತೂಕ, ಹೆರಿಗೆಯ ಬಗೆ, ಹೆರಿಗೆ ನೋವು ಶುರುವಾಗಿತ್ತೇ ಇಲ್ಲವೇ, ತಾಯಿಗೆ ಜ್ವರ ಅಥವಾ ಗರ್ಭಚೀಲದ ಸೋಂಕು ಇತ್ತೇ, ಸ್ಟೀರಾಯ್ಡ್ ಅಥವಾ ಪ್ರತಿಜೀವಕ ಕೊಟ್ಟಿದ್ದರೇ, ಕ್ಲಾಂಪ್ ಹಾಕಿದ ಸಮಯ. ನೋವು ಕಂಡ ಹೆರಿಗೆಯಲ್ಲಿ ನ್ಯೂಟ್ರೋಫಿಲ್ ಸಂಖ್ಯೆ ಹೆಚ್ಚು. ನೋವಿಲ್ಲದೆ ಆದ ಸಿಸೇರಿಯನ್‌ನಲ್ಲಿ ಕಡಿಮೆ. ಇವೆರಡನ್ನೂ ಒಂದೇ ಗುಂಪಿಗೆ ಹಾಕಿದರೆ ಏನನ್ನು ಅಳೆದಿರಿ ಎಂದೇ ತಿಳಿಯುವುದಿಲ್ಲ.

ಏಕಕೇಂದ್ರ ಕೋಶಗಳ (ಮೋನೋಸೈಟ್, ಲಿಂಫೋಸೈಟ್) ಪ್ರತ್ಯೇಕಿಸುವಿಕೆ

ಎಲ್ಲ ಕೆಲಸ ಜೈವಿಕ ಸುರಕ್ಷತಾ ಕ್ಯಾಬಿನೆಟ್‌ನಲ್ಲಿ, ಕೈಗವಸು ಹಾಕಿ. ಹೆಪಟೈಟಿಸ್ ಬಿ ಲಸಿಕೆ ಪಡೆಯದವರು ಬಳ್ಳಿ ರಕ್ತ ಮುಟ್ಟಬಾರದು.

1. ರಕ್ತವನ್ನು ಸಮಪ್ರಮಾಣದ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬಫರ್ ಇರುವ ಉಪ್ಪುನೀರು, ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ್ದು) ತೆಳುಮಾಡಿ. ಶಿಶುವಿನ ರಕ್ತದಲ್ಲಿ ಕೆಂಪು ಕಣಗಳ ಪಾಲು ಹೆಚ್ಚು, ರಕ್ತ ಮಂದ. ಗಟ್ಟಿಯಾಗಿ ಕಂಡರೆ 1 ಭಾಗ ರಕ್ತಕ್ಕೆ 2 ಭಾಗ ಪಿಬಿಎಸ್ ಹಾಕಿ.

2. 50 ಮಿ.ಲೀ. ಟ್ಯೂಬಿಗೆ ಪ್ರತಿ ಮಿ.ಲೀ.ಗೆ 1.077 ಗ್ರಾಂ ಸಾಂದ್ರತೆಯ ಫೈಕಾಲ್ (ಕೋಶಗಳನ್ನು ಸಾಂದ್ರತೆಗೆ ತಕ್ಕಂತೆ ಬೇರ್ಪಡಿಸುವ ದ್ರಾವಣ) 15 ಮಿ.ಲೀ. ಹಾಕಿ. ಅದು ಕೋಣೆಯ ಉಷ್ಣತೆಯಲ್ಲಿರಬೇಕು. ಫ್ರಿಜ್‌ನಿಂದ ನೇರ ತಂದದ್ದು ಹೆಚ್ಚು ಸಾಂದ್ರವಾಗಿರುತ್ತದೆ, ಕೆಂಪು ಕಣ ಮೇಲೆಯೇ ಉಳಿಯುತ್ತದೆ.

3. ಟ್ಯೂಬನ್ನು 45 ಡಿಗ್ರಿ ಓರೆಯಾಗಿ ಹಿಡಿದು, ಪಿಪೆಟ್‌ನ ತುದಿಯನ್ನು ದ್ರವದ ಮೇಲ್ಮೈಗೆ ತುಸು ಮೇಲೆ ಗೋಡೆಗೆ ತಾಗಿಸಿ, ತೆಳುಮಾಡಿದ ರಕ್ತ 30 ಮಿ.ಲೀ. ಹರಿಯಬಿಡಿ. ಮೊದಲ 2 ಮಿ.ಲೀ. ತೊಟ್ಟು ತೊಟ್ಟಾಗಿ ಇಳಿಯಬೇಕು. ಗೆರೆ ಕತ್ತರಿಸಿದಂತೆ ನಿಂತ ಮೇಲೆ ವೇಗ ಹೆಚ್ಚಿಸಬಹುದು. ಗಡಿಯಲ್ಲಿ ಕೆಂಪು ಎಳೆಗಳು ಕೆಳಗಿಳಿಯುತ್ತಿದ್ದರೆ ಕೈ ಅವಸರದಲ್ಲಿದೆ ಎಂದರ್ಥ.

4. 400 ಜಿ, 30 ನಿಮಿಷ, 20 ಡಿಗ್ರಿ, ಬ್ರೇಕ್ ಇಲ್ಲದೆ ಸೆಂಟ್ರಿಫ್ಯೂಜ್ ಮಾಡಿ.

5. ಮೇಲಿನ ಪ್ಲಾಸ್ಮಾವನ್ನು ಬೇರೆ ಟ್ಯೂಬಿಗೆ ತೆಗೆದಿಡಿ. ಅದರಡಿಯ ಬಿಳಿ ಮೋಡದಂಥ ಪದರವನ್ನು ಹೀರಿಕೊಳ್ಳಿ. ಪಿಬಿಎಸ್‌ನಲ್ಲಿ ಮೊದಲು 300 ಜಿ, 10 ನಿಮಿಷ, ಆಮೇಲೆ 200 ಜಿ, 10 ನಿಮಿಷ ತೊಳೆಯಿರಿ. ಎರಡನೆಯ ನಿಧಾನದ ಸುತ್ತು ಕಿರುಬಿಲ್ಲೆಗಳನ್ನು (ಪ್ಲೇಟ್‌ಲೆಟ್) ತೆಗೆಯಲು. ಅವು ಉಳಿದರೆ ಮೋನೋಸೈಟ್‌ಗಳಿಗೆ ಅಂಟಿಕೊಂಡು ಕೋಶಗಳ ವರ್ತನೆಯನ್ನೇ ಬದಲಿಸುತ್ತವೆ.

ವಯಸ್ಕರ ರಕ್ತದಲ್ಲಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಬಳ್ಳಿ ರಕ್ತದಲ್ಲಿ ತಳದ ಗುಳಿಗೆ ಬಿಳಿಯಾಗಿರುವ ಬದಲು ಗುಲಾಬಿ ಅಥವಾ ಇಟ್ಟಿಗೆ ಬಣ್ಣಕ್ಕಿರುತ್ತದೆ. ಕೆಂಪು ಕಣದ ಎಳೆಯ ರೂಪಗಳು ಮೋನೋಸೈಟ್, ಲಿಂಫೋಸೈಟ್‌ಗಳ ಸಾಂದ್ರತೆಗೆ ಹತ್ತಿರವಿರುವುದರಿಂದ ಅದೇ ಪದರಕ್ಕೆ ಬಂದು ಸೇರುತ್ತವೆ. ನ್ಯೂಕ್ಲಿಯಸ್ ಇರುವ ಕೆಂಪು ಕಣಗಳೂ ಇವುಗಳಲ್ಲಿರುತ್ತವೆ.

ಈ ಬೆರಕೆಗೆ ಮೂರು ಪರಿಣಾಮಗಳಿವೆ. ಎಣಿಕೆ ತಪ್ಪುತ್ತದೆ: ಅಸಿಟಿಕ್ ಆಮ್ಲದ ಟರ್ಕ್ ದ್ರಾವಣ ಕೆಂಪು ಕಣಗಳನ್ನು ಒಡೆದರೂ ಎಳೆಯ ಕೆಂಪು ಕಣದ ನ್ಯೂಕ್ಲಿಯಸ್ ಉಳಿದು ಬಿಳಿ ಕಣದಂತೆ ಕಾಣುತ್ತದೆ. 1 ವೆಲ್‌ಗೆ (ಪ್ರಯೋಗದ ತಟ್ಟೆಯ ಒಂದು ಕುಳಿ) 2 ಲಕ್ಷ ಕೋಶ ಹಾಕಿದೆವು ಎಂದುಕೊಂಡಾಗ ನಿಜವಾದ ಬಿಳಿ ಕೋಶಗಳು ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು, ಸೈಟೋಕೈನ್ ಕೂಡ ಆ ಲೆಕ್ಕದಲ್ಲೇ ಇಳಿಯುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಸಿಡಿ71 (ಸಿಡಿ ಸಂಖ್ಯೆಗಳು ಕೋಶದ ಮೇಲ್ಮೈಯ ಗುರುತು ಪ್ರೋಟೀನ್‌ಗಳ ಹೆಸರು) ಇರುವ ಈ ಎಳೆಯ ಕೆಂಪು ಕಣಗಳು ಸುಮ್ಮನೆ ಜಾಗ ತುಂಬುವುದಿಲ್ಲ. ಆರ್ಜಿನೇಸ್-2 ಕಿಣ್ವದ ಮೂಲಕ ಪಕ್ಕದ ಕೋಶಗಳ ಉರಿಯೂತದ ಪ್ರತಿಕ್ರಿಯೆಯನ್ನು ತಗ್ಗಿಸುತ್ತವೆ ಎಂದು 2013ರಲ್ಲಿ ಇಲಿಮರಿಗಳಲ್ಲೂ ಮಾನವ ಬಳ್ಳಿ ರಕ್ತದಲ್ಲೂ ತೋರಿಸಲಾಯಿತು. ಹಾಗಾಗಿ ಅವನ್ನು ಬಿಟ್ಟರೆ ಒಂದು ಉತ್ತರ, ತೆಗೆದರೆ ಇನ್ನೊಂದು ಉತ್ತರ ಬರಬಹುದು. ಕೊನೆಯದಾಗಿ, ಒಡೆದ ಕೆಂಪು ಕಣದಿಂದ ಹೊರಬಂದ ಹಿಮೋಗ್ಲೋಬಿನ್ ತಾನೇ ಕೋಶಗಳನ್ನು ಕೆಣಕುತ್ತದೆ.

ಮಾಡಬೇಕಾದ್ದು: ಅಮೋನಿಯಂ ಕ್ಲೋರೈಡ್ 155 ಮಿಲಿಮೋಲಾರ್, ಪೊಟ್ಯಾಸಿಯಂ ಬೈಕಾರ್ಬನೇಟ್ 10 ಮಿಲಿಮೋಲಾರ್, ಇಡಿಟಿಎ 0.1 ಮಿಲಿಮೋಲಾರ್ ಇರುವ ದ್ರಾವಣದಲ್ಲಿ 5 ನಿಮಿಷ ಇಟ್ಟು, ತುಂಬ ಪಿಬಿಎಸ್ ಸುರಿದು ನಿಲ್ಲಿಸಿ, ತೊಳೆಯಿರಿ. ಶಿಶುವಿನ ಕೆಂಪು ಕಣ ಬೇಗ ಒಡೆಯುವುದಿಲ್ಲ. ಹಾಗೆಂದು 15 ನಿಮಿಷ ಬಿಡುವುದಕ್ಕಿಂತ 5 ನಿಮಿಷದ ಎರಡು ಸುತ್ತು ಒಳ್ಳೆಯದು, ಏಕೆಂದರೆ ಉದ್ದದ ಸುತ್ತಿನಲ್ಲಿ ಮೋನೋಸೈಟ್ ಸಾಯುತ್ತದೆ. ನ್ಯೂಕ್ಲಿಯಸ್ ಇರುವವು ಇದಾದ ಮೇಲೂ ಉಳಿಯುತ್ತವೆ. ಅವನ್ನು ತೆಗೆಯಲು ಸಿಡಿ71 ಅಥವಾ ಸಿಡಿ235ಎ ಪ್ರತಿಕಾಯದ ಕಾಂತೀಯ ಮಣಿಗಳೇ ಬೇಕು. ಒಂದು ಎಚ್ಚರಿಕೆ: ಪ್ರಚೋದನೆಗೊಂಡ ಟಿ ಕೋಶಗಳ ಮೇಲೂ ಸಿಡಿ71 ಬರುತ್ತದೆ. ಆದ್ದರಿಂದ ಸಿಡಿ235ಎ ಸುರಕ್ಷಿತ ಆಯ್ಕೆ. ಸಾಧ್ಯವಿದ್ದರೆ ಅದೇ ಮಾದರಿಯನ್ನು ಎರಡು ಪಾಲು ಮಾಡಿ, ಒಂದರಲ್ಲಿ ಉಳಿಸಿ, ಒಂದರಲ್ಲಿ ತೆಗೆದು ನೋಡಿ. ಎರಡರ ನಡುವಿನ ಅಂತರವೇ ಒಂದು ಫಲಿತಾಂಶ.

ಕೊನೆಯ ಎಣಿಕೆಯನ್ನು ಫ್ಲೋ ಸೈಟೋಮೀಟರ್‌ನಲ್ಲಿ (ಬಣ್ಣ ಕಟ್ಟಿದ ಕೋಶಗಳನ್ನು ಒಂದೊಂದಾಗಿ ಎಣಿಸುವ ಯಂತ್ರ) ಸಿಡಿ45 (ಬಿಳಿ ಕಣ), ಸಿಡಿ14 (ಮೋನೋಸೈಟ್), ಸಿಡಿ235ಎ (ಕೆಂಪು ಕಣ) ಬಣ್ಣ ಕಟ್ಟಿ ಮಾಡಿ. ಸೈಟೋಕೈನ್ ಪ್ರಮಾಣವನ್ನು ವೆಲ್‌ನ ಒಟ್ಟು ಕೋಶಗಳಿಂದ ಅಲ್ಲ, ಸಿಡಿ14 ಇರುವ ಮೋನೋಸೈಟ್ ಸಂಖ್ಯೆಯಿಂದ ಭಾಗಿಸಿ ಹೇಳಿ.

ಪ್ಲಾಸ್ಮಾ ಎಂಬ ಮುಖ್ಯ ಪಾತ್ರಧಾರಿ

ಶಿಶುವಿನ ಕೋಶ ಬೇರೆ, ಅದು ಮುಳುಗಿರುವ ದ್ರವ ಬೇರೆ. ಬಳ್ಳಿ ರಕ್ತದ ಪ್ಲಾಸ್ಮಾದಲ್ಲಿ ಅಡಿನೋಸಿನ್ ಹೆಚ್ಚು. ಅದು ಮೋನೋಸೈಟ್ ಒಳಗೆ ಸೈಕ್ಲಿಕ್ ಎಎಂಪಿ ಏರಿಸಿ ಟಿಎನ್‌ಎಫ್ ತಗ್ಗಿಸುತ್ತದೆ, ಐಎಲ್-6ಕ್ಕೆ ಮಾತ್ರ ಹಾಗೆ ಅಡ್ಡಬರುವುದಿಲ್ಲ. ಕೋಶಗಳನ್ನು ತೊಳೆದು ಕರುವಿನ ಸೀರಂನಲ್ಲಿ ಬೆಳೆಸಿದರೆ ಈ ಪರಿಣಾಮ ಕಾಣೆಯಾಗುತ್ತದೆ. ಹಾಗೆಂದು ಸೀರಂ ಪೂರ್ತಿ ಬಿಡಲೂ ಆಗದು, ಎಲ್‌ಪಿಎಸ್‌ ಅನ್ನು ಟಿಎಲ್‌ಆರ್4ಗೆ (ಸೂಕ್ಷ್ಮಜೀವಿಗಳನ್ನು ಗುರುತಿಸುವ ಟಿಎಲ್‌ಆರ್ ಗ್ರಾಹಕಗಳಲ್ಲೊಂದು) ತಲುಪಿಸುವ ಎಲ್‌ಪಿಎಸ್ ಬಂಧಕ ಪ್ರೋಟೀನ್ ಸೀರಂನಲ್ಲೇ ಇರುವುದು.

ಆದ್ದರಿಂದ ಅಡ್ಡ-ಬದಲಿ ವಿನ್ಯಾಸ ಮಾಡಿ: ಶಿಶುವಿನ ಕೋಶ ಶಿಶುವಿನ ಪ್ಲಾಸ್ಮಾದಲ್ಲಿ, ಶಿಶುವಿನ ಕೋಶ ವಯಸ್ಕರ ಪ್ಲಾಸ್ಮಾದಲ್ಲಿ, ವಯಸ್ಕರ ಕೋಶ ಶಿಶುವಿನ ಪ್ಲಾಸ್ಮಾದಲ್ಲಿ, ವಯಸ್ಕರ ಕೋಶ ವಯಸ್ಕರ ಪ್ಲಾಸ್ಮಾದಲ್ಲಿ. ಕೋಶ ಬೆಳೆಸುವ ಮಾಧ್ಯಮವಾದ ಆರ್‌ಪಿಎಂಐ 1640ರಲ್ಲಿ ಶೇ 10 ಪ್ಲಾಸ್ಮಾ ಸಾಕು. ಕೊರತೆ ಕೋಶದ್ದೋ ದ್ರವದ್ದೋ ಎಂದು ಈ ನಾಲ್ಕು ಸಾಲುಗಳೇ ಹೇಳಿಬಿಡುತ್ತವೆ. ಇದಕ್ಕೆ ಸಮಯವಿಲ್ಲದಿದ್ದರೆ ಪೂರ್ಣ ರಕ್ತದ ಪರೀಕ್ಷೆ ಮಾಡಿ: ಹೆಪಾರಿನ್ ರಕ್ತವನ್ನು ಸಮಪ್ರಮಾಣದ ಆರ್‌ಪಿಎಂಐನಲ್ಲಿ ಬೆರೆಸಿ ವೆಲ್‌ಗೆ 200 ಮೈಕ್ರೋಲೀಟರ್. ಕಡಿಮೆ ರಕ್ತ, ಕಡಿಮೆ ಕೈಕೆಲಸ, ದೇಹದೊಳಗಿನ ಸ್ಥಿತಿಗೆ ಹೆಚ್ಚು ಹತ್ತಿರ. ನಮ್ಮ ಅಭಿಪ್ರಾಯದಲ್ಲಿ ಹೊಸಬರು ಇಲ್ಲಿಂದಲೇ ಶುರುಮಾಡಬೇಕು.

ಪ್ರಚೋದಕಗಳು, ಸಮಯ

ಎಲ್‌ಪಿಎಸ್ ಒಂದನ್ನೇ ನೆಚ್ಚಬೇಡಿ. ಕನಿಷ್ಠ ಮೂರು ದಾರಿಗಳನ್ನು ತಟ್ಟಿ ನೋಡಿ: ಟಿಎಲ್‌ಆರ್4ಕ್ಕೆ ಎಲ್‌ಪಿಎಸ್ 1, 10, 100 ನ್ಯಾನೋಗ್ರಾಂ ಪ್ರತಿ ಮಿ.ಲೀ.ಗೆ, ಟಿಎಲ್‌ಆರ್2ಕ್ಕೆ ಪ್ಯಾಮ್3ಸಿಎಸ್‌ಕೆ4, 100 ನ್ಯಾನೋಗ್ರಾಂನಿಂದ 1 ಮೈಕ್ರೋಗ್ರಾಂ, ಟಿಎಲ್‌ಆರ್7 ಮತ್ತು 8ಕ್ಕೆ ಆರ್848, 1ರಿಂದ 5 ಮೈಕ್ರೋಮೋಲಾರ್. ಮೂರನೆಯದು ಬಹಳ ಮುಖ್ಯ. ಟಿಎಲ್‌ಆರ್8 ದಾರಿಯಲ್ಲಿ ಕೆಣಕಿದಾಗ ಶಿಶುವಿನ ಮೋನೋಸೈಟ್ ವಯಸ್ಕರಿಗೆ ಹತ್ತಿರ ಬರುವಷ್ಟು ಟಿಎನ್‌ಎಫ್ ಕೊಡುತ್ತದೆ. ಮೂರೂ ದಾರಿಯಲ್ಲಿ ಕಡಿಮೆ ಬಂದರೆ ಮೊದಲು ಸಂಶಯಿಸಬೇಕಾದ್ದು ನಿಮ್ಮ ಕೋಶಗಳ ಆರೋಗ್ಯವನ್ನು.

ನಿಜವಾದ ಸೋಂಕಿಗೆ ಹತ್ತಿರ ಬರಬೇಕೆಂದರೆ ಶಾಖದಿಂದ ಕೊಂದ ಬ್ಯಾಕ್ಟೀರಿಯಾ ಬಳಸಿ: ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್, ಇ. ಕೊಲೈ, ಅವಧಿಗೆ ಮುನ್ನ ಹುಟ್ಟಿದವರ ಪ್ರಶ್ನೆಯಾದರೆ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್. 65 ಡಿಗ್ರಿಯಲ್ಲಿ 1 ಗಂಟೆ ಇಟ್ಟು, ಅಗರ್ ತಟ್ಟೆಯ ಮೇಲೆ ಹರಡಿ ಮರುದಿನ ಒಂದೂ ಬೆಳೆದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಪ್ರತಿ ಮಿ.ಲೀ.ಗೆ 1 ಕೋಟಿ ಒಳ್ಳೆಯ ಆರಂಭದ ಪ್ರಮಾಣ.

ಎಲ್‌ಪಿಎಸ್ ಪ್ಲಾಸ್ಟಿಕ್‌ಗೆ ಅಂಟುತ್ತದೆ, ಗುಂಪುಗೂಡುತ್ತದೆ. ಬಳಸುವ ಮೊದಲು 1 ನಿಮಿಷ ಜೋರಾಗಿ ವೋರ್ಟೆಕ್ಸ್ ಮಾಡಿ. ಇನ್ನೊಂದು ಕಡೆ, ಬೇಡದ ಎಲ್‌ಪಿಎಸ್ ಮಾಧ್ಯಮದಲ್ಲೋ ಸೀರಂನಲ್ಲೋ ಮೊದಲೇ ಸೇರಿರಬಹುದು. ಏನೂ ಹಾಕದ ವೆಲ್‌ನಲ್ಲಿ ಟಿಎನ್‌ಎಫ್ ಕಂಡರೆ ಎಲ್‌ಪಿಎಸ್ ಹಿಡಿದು ಅಡಗಿಸುವ ಪಾಲಿಮಿಕ್ಸಿನ್ ಬಿ ಪ್ರತಿ ಮಿ.ಲೀ.ಗೆ 10 ಮೈಕ್ರೋಗ್ರಾಂ ಹಾಕಿ ಮತ್ತೆ ನೋಡಿ. ಇಳಿದರೆ ಕಲಬೆರಕೆ. ಗಾಜಿನ ಸಾಮಾನನ್ನು 250 ಡಿಗ್ರಿ ಒಣಶಾಖದಲ್ಲಿ 30 ನಿಮಿಷ ಇಟ್ಟರೆ ಎಂಡೋಟಾಕ್ಸಿನ್ ನಾಶವಾಗುತ್ತದೆ. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ಇದನ್ನು ತೆಗೆಯುವುದಿಲ್ಲ.

37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್. ಟಿಎನ್‌ಎಫ್‌ಗೆ 4ರಿಂದ 6 ಗಂಟೆ, ಐಎಲ್-10, ಐಎಲ್-12ಗೆ 18ರಿಂದ 24 ಗಂಟೆ. 24 ಗಂಟೆಗೆ ಒಂದೇ ಬಾರಿ ಅಳೆದರೆ ಟಿಎನ್‌ಎಫ್‌ನ ಏರು ಆಗಲೇ ಮುಗಿದು, ಐಎಲ್-10 ಅದನ್ನು ಅದುಮಿರುತ್ತದೆ. ಯಾವ ಕೋಶ ಏನು ಸ್ರವಿಸುತ್ತಿದೆ ಎಂದು ತಿಳಿಯಲು ಬ್ರೆಫೆಲ್ಡಿನ್ ಎ (ಸೈಟೋಕೈನ್ ಹೊರಹೋಗದಂತೆ ತಡೆಯುತ್ತದೆ) 10 ಮೈಕ್ರೋಗ್ರಾಂ ಪ್ರತಿ ಮಿ.ಲೀ.ಗೆ, ಕೊನೆಯ 4 ಗಂಟೆಗೆ ಮಾತ್ರ ಸೇರಿಸಿ, ಕೋಶದೊಳಗೇ ಬಣ್ಣ ಕಟ್ಟಿ. ಗೇಟ್ ಹಾಕುವಾಗ (ಅಂದರೆ ಅಂಕಿಗಳಲ್ಲಿ ಬೇಕಾದ ಕೋಶಗಳ ಗುಂಪನ್ನು ಆರಿಸುವಾಗ) ಶಿಶುವಿನ ಮೋನೋಸೈಟ್‌ಗಳ ಮೇಲೆ ಎಚ್‌ಎಲ್‌ಎ-ಡಿಆರ್ ಎಂಬ ಮೇಲ್ಮೈ ಪ್ರೋಟೀನ್ ಕಡಿಮೆ ಇರುತ್ತದೆ ಎಂಬುದನ್ನು ಗಮನಿಸಿ. ವಯಸ್ಕರಿಗೆ ಹಾಕಿದ ಗೇಟನ್ನು ಹಾಗೇ ನಕಲು ಮಾಡಿದರೆ ಒಂದಷ್ಟು ಕೋಶ ಹೊರಗುಳಿಯುತ್ತವೆ.

ಲಿಂಫೋಸೈಟ್‌ಗಳ ವಿಷಯ ಚಿಕ್ಕದಾಗಿ: ಬಹುಪಾಲು ಸಿಡಿ45ಆರ್‌ಎ ಇರುವ, ಶತ್ರುವನ್ನು ಕಾಣದ ಟಿ ಕೋಶಗಳು. ನಿರ್ದಿಷ್ಟ ಪ್ರತಿಜನಕಕ್ಕೆ ನೆನಪಿನ ಪ್ರತಿಕ್ರಿಯೆ ಹುಡುಕಬೇಡಿ. ಸಿಡಿ3, ಸಿಡಿ28 ಮಣಿಗಳಿಂದ ಕೆಣಕಿ, ಇಂಟರ್‌ಫೆರಾನ್ ಗಾಮಾ ಜೊತೆಗೆ ಐಎಲ್-8 ಕೂಡ ನೋಡಿ. ಶಿಶುವಿನ ಟಿ ಕೋಶ ಐಎಲ್-8 ಸ್ರವಿಸಿ ನ್ಯೂಟ್ರೋಫಿಲ್‌ಗಳನ್ನು ಕರೆಯುತ್ತದೆ.

ನ್ಯೂಟ್ರೋಫಿಲ್

ಫೈಕಾಲ್ ತಳದ ಕೆಂಪು ಭಾಗದಲ್ಲಿ ನ್ಯೂಟ್ರೋಫಿಲ್ ಇರುತ್ತದೆ. ಶೇ 3ರ ಡೆಕ್ಸ್‌ಟ್ರಾನ್ ಸಮಪ್ರಮಾಣದಲ್ಲಿ ಬೆರೆಸಿ 20–30 ನಿಮಿಷ ಅಲುಗಿಸದೆ ಬಿಡಿ, ಮೇಲಿನ ದ್ರವ ತೆಗೆಯಿರಿ. ಉಳಿದ ಕೆಂಪು ಕಣಕ್ಕೆ ಶೇ 0.2ರ ಉಪ್ಪುನೀರು 30 ಸೆಕೆಂಡ್, ಕೂಡಲೇ ಅಷ್ಟೇ ಪ್ರಮಾಣದ ಶೇ 1.6ರ ಉಪ್ಪುನೀರು. 30 ಸೆಕೆಂಡ್ ಮೀರಿದರೆ ನ್ಯೂಟ್ರೋಫಿಲ್ ಊದಿಕೊಂಡು ಒಡೆದು, ಹೊರಬಂದ ಡಿಎನ್‌ಎಯಿಂದ ಟ್ಯೂಬಿನೊಳಗೆ ಲೋಳೆಯ ಎಳೆಗಳಾಗುತ್ತವೆ. ಹಾಗಾದ ಟ್ಯೂಬನ್ನು ಎಸೆಯಿರಿ, ಸೋಸಿ ಮುಂದುವರಿಸಬೇಡಿ.

ನುಂಗುವ, ಕೊಲ್ಲುವ ಶಕ್ತಿ ಅಳೆಯುವಾಗ ಬ್ಯಾಕ್ಟೀರಿಯಾವನ್ನು ಎರಡು ಬಗೆಯಲ್ಲಿ ಸಿದ್ಧಪಡಿಸಿ: ಒಂದಕ್ಕೆ ಮಗುವಿನದೇ ಸೀರಂ, ಇನ್ನೊಂದಕ್ಕೆ ಹಲವು ವಯಸ್ಕರ ಎಬಿ ಸೀರಂ ಬೆರೆಸಿದ್ದು, ಎರಡೂ ಶೇ 10. ಶಿಶುವಿನ ಪೂರಕ ಪ್ರೋಟೀನ್‌ಗಳು ವಯಸ್ಕರಿಗಿಂತ ಕಡಿಮೆ, ಅವುಗಳಲ್ಲೊಂದಾದ ಸಿ9 ಅಂತೂ ಬಹಳ ಕಡಿಮೆ. ತಾಯಿಯ ಐಜಿಜಿ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ ದಾಟುವುದರಿಂದ ಅವಧಿಗೆ ಮುನ್ನ ಹುಟ್ಟಿದವರಲ್ಲಿ ಅದೂ ಕೊರತೆ. ವಯಸ್ಕರ ಸೀರಂ ಕೊಟ್ಟಾಗ ನುಂಗುವುದು ಸರಿಯಾದರೆ ನ್ಯೂಟ್ರೋಫಿಲ್ ಚೆನ್ನಾಗಿದೆ, ಗುರುತು ಹಚ್ಚಿಕೊಡುವವರು ಇರಲಿಲ್ಲ ಅಷ್ಟೇ. ಆಕ್ಸಿಡೇಟಿವ್ ಸ್ಫೋಟ (ಬ್ಯಾಕ್ಟೀರಿಯಾ ಕೊಲ್ಲಲು ಕ್ರಿಯಾಶೀಲ ಆಮ್ಲಜನಕ ತಯಾರಿಸುವುದು) ಅಳೆಯಲು ಡಿಎಚ್‌ಆರ್123 ಬಣ್ಣ, ಕೆಣಕಲು ಪಿಎಂಎ 100 ನ್ಯಾನೋಮೋಲಾರ್, 37 ಡಿಗ್ರಿ, 15 ನಿಮಿಷ. ದಿನ ತುಂಬಿದ ಆರೋಗ್ಯವಂತ ಶಿಶುವಿನಲ್ಲಿ ಇದು ವಯಸ್ಕರಿಗೆ ಸಮನಾಗಿಯೇ ಬರುತ್ತದೆ. ನಿಜವಾದ ಕೊರತೆ ಚಲನೆಯಲ್ಲಿದೆ: ರಕ್ತನಾಳದ ಗೋಡೆಗೆ ಅಂಟಲು ಬೇಕಾದ ಎಲ್-ಸೆಲೆಕ್ಟಿನ್ ಕಡಿಮೆ, ಕೆಣಕಿದಾಗ ಸಿಡಿ11ಬಿ ಏರುವುದೂ ಕಡಿಮೆ. ಡಿಎನ್‌ಎ ಬಲೆ ಬೀಸುವುದೂ ತಡ. ಅದನ್ನು 1 ಗಂಟೆಯಲ್ಲಿ ಮಾತ್ರ ನೋಡಿ ‘ಇಲ್ಲ’ ಎನ್ನಬೇಡಿ, 2 ಮತ್ತು 3 ಗಂಟೆಯಲ್ಲೂ ನೋಡಿ.

ಮಗುವಿನ ರಕ್ತದಲ್ಲೇ ನೋಡುವಾಗ

ಹುಟ್ಟಿದ ಮೇಲೆ ಬಳ್ಳಿ ರಕ್ತದ ಧಾರಾಳ ಇರುವುದಿಲ್ಲ. 1 ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ 90–100 ಮಿ.ಲೀ. ಸಂಶೋಧನೆಗೆಂದು ಒಮ್ಮೆಗೆ ಅದರ ಶೇ 1ಕ್ಕಿಂತ ಹೆಚ್ಚು ತೆಗೆಯಬಾರದು. ಚಿಕಿತ್ಸೆಗೆಂದು ತೆಗೆದ ರಕ್ತದಲ್ಲಿ ಉಳಿದ 100 ಮೈಕ್ರೋಲೀಟರ್‌ನಲ್ಲೇ ಫ್ಲೋ ಸೈಟೋಮೆಟ್ರಿ ಮಾಡಬಹುದು.

ಯಂತ್ರ ಕೊಟ್ಟ ಬಿಳಿ ಕಣದ ಎಣಿಕೆಯನ್ನು ಸರಿಪಡಿಸಿ: ಎಣಿಕೆಯನ್ನು 100ರಿಂದ ಗುಣಿಸಿ, 100 ಬಿಳಿ ಕಣಕ್ಕೆ ಕಂಡ ನ್ಯೂಕ್ಲಿಯಸ್ ಇರುವ ಕೆಂಪು ಕಣಗಳಿಗೆ 100 ಕೂಡಿಸಿ, ಅದರಿಂದ ಭಾಗಿಸಿ. ಯಂತ್ರ 20,000 ಎಂದಿದ್ದು, ಸ್ಲೈಡ್‌ನಲ್ಲಿ ಅಂಥವು 25 ಕಂಡರೆ ನಿಜವಾದ ಎಣಿಕೆ 16,000. ಈಗಿನ ಕೆಲವು ಯಂತ್ರಗಳು ಇದನ್ನು ತಾವೇ ಮಾಡುತ್ತವೆ. ಎರಡು ಬಾರಿ ತಿದ್ದದಂತೆ ಮೊದಲು ವಿಚಾರಿಸಿ.

ನ್ಯೂಟ್ರೋಫಿಲ್ ಸಂಖ್ಯೆ ಹುಟ್ಟಿದ ಮೊದಲ ದಿನ ಸೋಂಕಿಲ್ಲದೆಯೂ ಏರಿ, ಮೂರನೆಯ ದಿನದ ಹೊತ್ತಿಗೆ ಇಳಿಯುತ್ತದೆ. ಗಂಟೆ ಬರೆಯದ ಎಣಿಕೆ ಓದಲು ಬಾರದು. ಹೆಚ್ಚು ನೆರವಾಗುವುದು ಎಳೆಯ ನ್ಯೂಟ್ರೋಫಿಲ್‌ಗಳನ್ನು ಒಟ್ಟು ನ್ಯೂಟ್ರೋಫಿಲ್‌ಗಳಿಂದ ಭಾಗಿಸಿದ ಅನುಪಾತ. ಬಲಿತವು 4,000, ಎಳೆಯವು 1,500 ಇದ್ದರೆ 1,500 ಭಾಗಿಸು 5,500, ಅಂದರೆ 0.27. 0.2 ದಾಟಿದರೆ ಸೋಂಕಿನ ಸಂಶಯ. ಕಡಿಮೆಯಿದ್ದಾಗ ಸೋಂಕಿಲ್ಲ ಎನ್ನಲು ಸಿಗುವ ಬಲ, ಹೆಚ್ಚಿದ್ದಾಗ ಇದೆ ಎನ್ನಲು ಸಿಗುವುದಿಲ್ಲ, ಏಕೆಂದರೆ ಕಷ್ಟದ ಹೆರಿಗೆಯೂ ಅದನ್ನು ಏರಿಸುತ್ತದೆ. ಒಟ್ಟು ಸಂಖ್ಯೆ ಕುಸಿದು ಅನುಪಾತ ಏರಿದ್ದರೆ ಅಪಾಯದ ಗುರುತು: ಶಿಶುವಿನ ಮೂಳೆ ಮಜ್ಜೆಯಲ್ಲಿ ನ್ಯೂಟ್ರೋಫಿಲ್ ದಾಸ್ತಾನು ಚಿಕ್ಕದು, ತೀವ್ರ ಸೋಂಕಿನಲ್ಲಿ ಅದು ಬರಿದಾಗುತ್ತದೆ.

ಐಎಲ್-6 ಬೇಗ ಏರಿ ಬೇಗ ಇಳಿಯುತ್ತದೆ. ಅದರ ಸೂಚನೆಯ ಮೇಲೆ ಯಕೃತ್ತು ಸಿಆರ್‌ಪಿ ಎಂಬ ಉರಿಯೂತದ ಪ್ರೋಟೀನ್ ತಯಾರಿಸಲು ಹಲವು ಗಂಟೆ ಬೇಕು. ಹಾಗಾಗಿ ಸೋಂಕಿನ ಮೊದಲ ಗಂಟೆಗಳ ಸಿಆರ್‌ಪಿ ಸಹಜವಾಗಿದ್ದರೆ ಅದಕ್ಕೆ ಅರ್ಥವಿಲ್ಲ, 24 ಗಂಟೆ ಬಿಟ್ಟು ಮತ್ತೆ ನೋಡಬೇಕು. ಸೋಂಕಿನ ಇನ್ನೊಂದು ಸೂಚಕವಾದ ಪ್ರೊಕ್ಯಾಲ್ಸಿಟೋನಿನ್ ಆರೋಗ್ಯವಂತ ಮಗುವಿನಲ್ಲೂ ಮೊದಲ ದಿನ ಏರುತ್ತದೆ, ವಯಸ್ಕರ ಮಿತಿಯನ್ನು ಅನ್ವಯಿಸಬಾರದು. ಈ ಯಾವ ಅಂಕಿಯೂ ರಕ್ತದ ಕಲ್ಚರ್‌ಗೆ ಬದಲಲ್ಲ. ಸೋಂಕಿನ ಲಕ್ಷಣವಿರುವ ಮಗುವಿಗೆ ಪ್ರತಿಜೀವಕ ಕೊಡುವುದನ್ನು ಇವುಗಳಿಗಾಗಿ ಕಾಯಿಸಲೂ ಬಾರದು.

ಹೋಲಿಕೆ, ಲೆಕ್ಕ

ಹೋಲಿಕೆಗೆ ತಾಯಿಯ ರಕ್ತ ಸುಲಭವಾಗಿ ಸಿಗುತ್ತದೆ, ಆದರೆ ಗರ್ಭ ಮತ್ತು ಹೆರಿಗೆ ಆಕೆಯ ಕೋಶಗಳನ್ನೂ ಬದಲಿಸಿರುತ್ತವೆ. ಗರ್ಭಿಣಿಯಲ್ಲದ ವಯಸ್ಕರ ರಕ್ತವನ್ನೂ ಸೇರಿಸಿ. ಅದೇ ಟ್ಯೂಬ್, ಅದೇ ದಿನ, ಅಷ್ಟೇ ಗಂಟೆ ಕಾದು, ಅದೇ ರೀತಿ ಕೆಂಪು ಕಣ ಒಡೆಯುವ ಹಂತವನ್ನೂ ದಾಟಿಸಿ. ವಯಸ್ಕರಿಗೆ ಆ ಹಂತ ಬೇಕಿಲ್ಲವೆಂದು ಬಿಟ್ಟರೆ ಒಡೆಯುವ ದ್ರಾವಣದ ಪರಿಣಾಮ ವಯಸ್ಸಿನ ಪರಿಣಾಮದಂತೆ ಕಾಣುತ್ತದೆ. ಒಂದು ಗುಂಪಿನದು ತಾಜಾ, ಇನ್ನೊಂದರದು ಶೀತಲೀಕರಿಸಿ ಕರಗಿಸಿದ ಕೋಶ ಆಗಕೂಡದು. ನ್ಯೂಟ್ರೋಫಿಲ್ ಅಂತೂ ಶೀತಲೀಕರಣಕ್ಕೆ ಒಗ್ಗುವುದಿಲ್ಲ.

ಲೆಕ್ಕದಲ್ಲಿ ಒಂದು ಮಗು ಒಂದು ಘಟಕ. ಒಂದೇ ಮಗುವಿನ ರಕ್ತದ 6 ವೆಲ್‌ಗಳು 6 ಮಾದರಿಗಳಾಗುವುದಿಲ್ಲ, ಅವುಗಳ ಸರಾಸರಿ ತೆಗೆದು ಒಂದೇ ಅಂಕಿ ಬರೆಯಿರಿ. ಅವಳಿಗಳಿದ್ದರೆ ಅವರ ಮಾದರಿಗಳು ಪರಸ್ಪರ ಸ್ವತಂತ್ರವಲ್ಲ ಎಂದು ನಮೂದಿಸಿ ವಿಶ್ಲೇಷಿಸಿ. ಏನೂ ಹಾಕದ ವೆಲ್‌ನ ಅಂಕಿಯನ್ನು ಕಳೆದು ತೋರಿಸುವುದರ ಜೊತೆಗೆ ಅದನ್ನು ಪ್ರತ್ಯೇಕವಾಗಿಯೂ ಕೊಡಿ. ತಾಯಿಗೆ ಗರ್ಭಚೀಲದ ಸೋಂಕಿದ್ದಲ್ಲಿ ಮಗುವಿನ ಕೋಶ ಆಗಲೇ ಎಚ್ಚೆತ್ತಿದ್ದು, ಅದರ ಸುಳಿವು ಆ ವೆಲ್‌ನಲ್ಲೇ ಸಿಗಬಹುದು.